ದಿಮ್ಮಿ ಸೀಳಲು ಯಾವ ಚೈನ್ ಸಾ? ಸಿಸಿ ಕೇಳುವ ಮೊದಲು ದಿಮ್ಮಿ ಅಳೆಯಿರಿ

ಮರ ಕಡಿಯಲೆಂದು ಚೈನ್ ಸಾ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ, ಬಿದ್ದ ದಿಮ್ಮಿಯನ್ನು ಅಲ್ಲೇ ಹಲಗೆ ಮಾಡಿಕೊಂಡರೆ ಹೇಗೆ ಅನ್ನಿಸಿಬಿಡುತ್ತದೆ. ಆಗ ಬಾಯಿಗೆ ಬರುವ ಮೊದಲ ಪ್ರಶ್ನೆ: ಎಷ್ಟು ಸಿಸಿ ಬೇಕು? ನಾನೂ ಅದನ್ನೇ ಕೇಳಿದ್ದೆ. ಉತ್ತರಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಕೈಲಿದ್ದ 70 ಸಿಸಿ ಮಿಷನ್ನಿಗೆ ಮಿಲ್ (ಹಲಗೆ ಸೀಳಲು ಕಟ್ಟುವ ಚೌಕಟ್ಟು) ಕಟ್ಟಿ, 60 ಸೆಂ.ಮೀ. ಅಗಲದ ಗಟ್ಟಿ ದಿಮ್ಮಿಗೆ ಇಳಿಸಿಯೇಬಿಟ್ಟೆ. ಮೂರನೇ ಹಲಗೆಯ ಅರ್ಧಕ್ಕೆ ಬಂದಾಗ ಸದ್ದು ಇದ್ದಕ್ಕಿದ್ದಂತೆ ಸಣ್ಣಗಾಗಿ ಮೇಲಕ್ಕೇರಿತು, ಆಮೇಲೆ ನಿಂತೇಹೋಯಿತು. ಹಗ್ಗ ಎಳೆದರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ ಪಿಸ್ಟನ್ನಿನ ಮೈಮೇಲೆ, ಹೊಗೆ ಹೊರಹೋಗುವ ಕಡೆಗೆ, ಮೇಲಿಂದ ಕೆಳಕ್ಕೆ ಉಗುರಿನಿಂದ ಗೀರಿದಂಥ ಗೆರೆಗಳು.

ಮಿಷನ್ ಚಿಕ್ಕದಾಯಿತು, ಅದಕ್ಕೇ ಹೋಯಿತು ಎಂದು ಬಹಳ ದಿನ ನಂಬಿಕೊಂಡಿದ್ದೆ. ನಿಜವಾಗಿ ಅದನ್ನು ಕೊಂದದ್ದು ಮೊಂಡಾದ ಚೈನು, ಮರ ಕಡಿಯುವುದಕ್ಕೆಂದು ಟ್ಯೂನ್ ಮಾಡಿದ್ದ ಕಾರ್ಬುರೇಟರು, ಮತ್ತು ಒತ್ತಿದರೆ ಬೇಗ ಮುಗಿಯುತ್ತದೆ ಎಂಬ ನನ್ನ ಹಟ. ಈಗ ಯಾರಾದರೂ ಸಿಸಿ ಕೇಳಿದರೆ, ಮೊದಲು ನಿಮ್ಮ ದಿಮ್ಮಿ ಎಷ್ಟು ದಪ್ಪ ಹೇಳಿ ಎನ್ನುತ್ತೇನೆ. ದಿಮ್ಮಿ ಗೊತ್ತಾದರೆ ಬಾರ್ (ಚೈನು ಸುತ್ತ ಓಡುವ ಉದ್ದನೆಯ ಪಟ್ಟಿ) ಗೊತ್ತಾಗುತ್ತದೆ, ಬಾರ್ ಗೊತ್ತಾದರೆ ಎಂಜಿನ್ ತಾನಾಗಿ ತೀರ್ಮಾನವಾಗುತ್ತದೆ.

ಕಡಿಯುವುದು ಬೇರೆ, ಸೀಳುವುದು ಬೇರೆ

ಕೊಂಬೆ ಕತ್ತರಿಸುವಾಗ ಮಿಷನ್ನು ಕೆಲವೇ ಸೆಕೆಂಡು ದುಡಿಯುತ್ತದೆ. ಆಮೇಲೆ ನೀವು ಇನ್ನೊಂದು ಕೊಂಬೆಗೆ ಹೋಗುವಷ್ಟು ಹೊತ್ತು ಅದಕ್ಕೆ ಉಸಿರು. ಸೀಳುವಾಗ ಹಾಗಿಲ್ಲ. ಮೂರು ಮೀಟರ್ ಉದ್ದದ ಅಗಲ ದಿಮ್ಮಿಯ ಒಂದು ಕೊಯ್ತಕ್ಕೆ ಹಲವು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ಥ್ರಾಟಲ್ ಪೂರ್ತಿ ಒತ್ತಿರಬೇಕು, ಹೊರೆಯೂ ಪೂರ್ತಿ. ಎರಡನೆಯದಾಗಿ, ದಿಮ್ಮಿಗೆ ಅಡ್ಡಲಾಗಿ ಮಲಗಿದ ಬಾರ್ ಉದ್ದಕ್ಕೆ ಸಾಗುತ್ತಿರುವಾಗ ಹಲ್ಲುಗಳು ಎಳೆಗಳ ತುದಿಯನ್ನೇ ಕೆರೆಯುತ್ತಾ ಹೋಗುತ್ತವೆ. ಮರಕ್ಕೆ ಅದೇ ಅತಿ ಗಟ್ಟಿಯಾದ ಮುಖ. ಹಾಗಾಗಿ ದೊಡ್ಡ ಚಕ್ಕೆ ಬರುವುದಿಲ್ಲ, ಹುಡಿ ಬರುತ್ತದೆ. ಆ ಹುಡಿ ಏರ್ ಫಿಲ್ಟರಿಗೂ ಹೋಗುತ್ತದೆ, ಸಿಲಿಂಡರಿನ ರೆಕ್ಕೆಗಳ ಸಂದಿಗೂ ಹೋಗುತ್ತದೆ, ನಿಮ್ಮ ಮೂಗಿಗೂ ಹೋಗುತ್ತದೆ.

ದಿಮ್ಮಿಯಿಂದ ಬಾರ್, ಬಾರ್‌ನಿಂದ ಎಂಜಿನ್

ಮಿಲ್ಲಿನ ಚೌಕಟ್ಟು ಬಾರ್‌ನ ಎರಡು ತುದಿಯನ್ನೂ ಕಚ್ಚಿ ಹಿಡಿಯುತ್ತದೆ. ಹೀಗಾಗಿ ಬಾರ್‌ನ ಉದ್ದದಲ್ಲಿ 10ರಿಂದ 15 ಸೆಂ.ಮೀ. ಕೊಯ್ತಕ್ಕೆ ಸಿಗುವುದಿಲ್ಲ. 36 ಇಂಚಿನ ಬಾರ್ ಇದ್ದರೆ 30 ಇಂಚಿನ ಹಲಗೆ ಎಂದಿಟ್ಟುಕೊಳ್ಳಿ. ದಿಮ್ಮಿಯನ್ನು ಅಳೆಯುವಾಗ ತೆಳ್ಳಗಿನ ತುದಿಯನ್ನು ಅಳೆದು ಸುಮ್ಮನಾಗಬೇಡಿ. ಬುಡದ ಕಡೆಯ ಉಬ್ಬು, ಕವಲೊಡೆದ ಜಾಗ, ಗಂಟು, ಇವೆಲ್ಲ ಸಿಕ್ಕಿಹಾಕಿಕೊಳ್ಳುವುದು ಕೊಯ್ತದ ನಡುವೆಯೇ.

24 ಇಂಚಿನ ಬಾರ್‌ವರೆಗೆ, ಅಂದರೆ ಒಂದೂವರೆ ಅಡಿಯ ಆಸುಪಾಸಿನ ಹಲಗೆಗೆ, 60–70 ಸಿಸಿ ಮಿಷನ್ ಸಾಕು. ನಿಧಾನ, ಆದರೆ ಆಗುತ್ತದೆ. ಸ್ಟಿಲ್‌ನ ಎಂಎಸ್ 462 (72.2 ಸಿಸಿ), ಹಸ್ಕ್‌ವರ್ನಾದ 372 ಎಕ್ಸ್‌ಪಿ (70.7 ಸಿಸಿ) ಈ ಸಾಲಿನವು. ಮೆದು ಮರವಾದರೆ ಇನ್ನೂ ಸಲೀಸು.

28ರಿಂದ 36 ಇಂಚಿನ ಬಾರ್ ನಡೆಸಲು 90 ಸಿಸಿ ವರ್ಗ. ಇಲ್ಲಿ ಎಂಎಸ್ 661 (91.1 ಸಿಸಿ, 5.4 ಕಿಲೋವ್ಯಾಟ್) ಮತ್ತು 395 ಎಕ್ಸ್‌ಪಿ (93.6 ಸಿಸಿ, 4.9 ಕಿಲೋವ್ಯಾಟ್) ಹೆಚ್ಚು ಕೇಳಿಬರುವ ಹೆಸರುಗಳು. ಕಾಗದದ ಮೇಲೆ ಮೊದಲನೆಯದು ಬಲಶಾಲಿ. ಆದರೂ ಮಿಲ್ಲಿಂಗಿಗೆ ಎರಡನೆಯದನ್ನೇ ಹಿಡಿದು ಕೂತವರು ಕಡಿಮೆಯಿಲ್ಲ, ಅದಕ್ಕೆ ಕಾರಣ ಕಾರ್ಬುರೇಟರು. ಎಂಎಸ್ 661ರಲ್ಲಿ ಪೆಟ್ರೋಲ್-ಗಾಳಿಯ ಹದವನ್ನು ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತದೆ. 395ರಲ್ಲಿ ಸ್ಕ್ರೂಡ್ರೈವರ್ ಹಿಡಿದು ನೀವೇ ತಿರುಗಿಸಬೇಕು. ಬೇರೆ ಬೇರೆ ಎತ್ತರದ ಜಾಗಗಳಿಗೆ ಮಿಷನ್ ಹೊತ್ತೊಯ್ಯುವವರಿಗೆ, ಟ್ಯೂನಿಂಗ್ ಎಂದರೆ ಕೈನಡುಗುವವರಿಗೆ ಎಲೆಕ್ಟ್ರಾನಿಕ್ ಒಳ್ಳೆಯದು. ನನಗೆ ಸ್ಕ್ರೂ ಇರುವುದೇ ಇಷ್ಟ. ಸೀಳುವ ದಿನ ಹದವನ್ನು ಸ್ವಲ್ಪ ಪೆಟ್ರೋಲ್ ಕಡೆಗೆ ತಿರುಗಿಸಿ ಇಡಬಹುದು, ಆ ಸದ್ದು ಕಿವಿಗೆ ಬಿದ್ದರೆ ಮನಸ್ಸಿಗೆ ನೆಮ್ಮದಿ.

42 ಇಂಚು ದಾಟಿತೋ, 120 ಸಿಸಿ ಬಿಟ್ಟು ಬೇರೆ ಮಾತಿಲ್ಲ. ಎಂಎಸ್ 881 (121.6 ಸಿಸಿ, 6.4 ಕಿಲೋವ್ಯಾಟ್) ಅಥವಾ 3120 ಎಕ್ಸ್‌ಪಿ (118.8 ಸಿಸಿ, 6.2 ಕಿಲೋವ್ಯಾಟ್). ಬಾರ್ ಇಲ್ಲದೆಯೇ ಹತ್ತು ಕೆ.ಜಿ. ಆಸುಪಾಸು ತೂಗುವ ಇವು ಮರ ಕಡಿಯಲು ಹೊತ್ತು ತಿರುಗುವ ಮಿಷನ್ನುಗಳಲ್ಲ. ಸುತ್ತು ಕಡಿಮೆ, ಎಳೆತ ಹೆಚ್ಚು. ಅಗಲ ಕೊಯ್ತದ ನಡುವೆಯೂ ಉಸಿರುಗಟ್ಟುವುದಿಲ್ಲ. ಸ್ಟಾರ್ಟ್ ಮಾಡುವಾಗ ಡಿಕಂಪ್ರೆಷನ್ ಬಟನ್ (ಸಿಲಿಂಡರಿನ ಒಳಗಿನ ಒತ್ತಡ ಇಳಿಸುವ ಗುಂಡಿ) ಒತ್ತುವುದು ಮರೆತರೆ ಹಗ್ಗ ನಿಮ್ಮ ಕೈಯನ್ನೇ ವಾಪಸ್ ಎಳೆದುಕೊಳ್ಳುತ್ತದೆ.

ಹಾಗಾದರೆ ದೊಡ್ಡದನ್ನೇ ಕೊಂಡುಬಿಡೋಣವೇ? ವರ್ಷಕ್ಕೊಮ್ಮೆ ಬರುವ ಒಂದು ಮಹಾ ದಿಮ್ಮಿಗಾಗಿ 120 ಸಿಸಿ ಕೊಂಡು, ಉಳಿದ ದಿನ ಒಂದಡಿ ಹಲಗೆ ಕೊಯ್ದರೆ ಭಾರ, ನಡುಕ, ಪೆಟ್ರೋಲು ಮೂರನ್ನೂ ಸುಮ್ಮನೆ ಹೊತ್ತಂತೆ. ಪದೇ ಪದೇ ಸಿಗುವ ದಿಮ್ಮಿಯ ಅಳತೆಗೆ ಕೊಳ್ಳಿ. ಆ ಮಹಾ ದಿಮ್ಮಿ ಬಂದಾಗ ಯಾರದ್ದನ್ನಾದರೂ ಬಾಡಿಗೆಗೆ ತನ್ನಿ. ಒಂದೇ ಮಿಷನ್, ಎಲ್ಲ ಕೆಲಸಕ್ಕೂ ಬೇಕು ಎನ್ನುವವರಿಗೆ 90 ಸಿಸಿ ಎಂದು ಕಣ್ಣುಮುಚ್ಚಿ ಹೇಳುತ್ತೇನೆ.

ಹೆಸರಾಂತ ಮಾದರಿಗಳ ನಕಲುಗಳ ಬಗ್ಗೆಯೂ ಕೇಳುತ್ತಾರೆ. ಸೌದೆ ಕತ್ತರಿಸಲು ಕೆಲವು ನಡೆಯುತ್ತವೆ. ಆದರೆ ಸೀಲು, ಬೇರಿಂಗು, ರಿಂಗುಗಳ ಗುಣಮಟ್ಟ ಒಂದರಂತೆ ಇನ್ನೊಂದಿರುವುದಿಲ್ಲ. ಸೀಲಿನಲ್ಲಿ ಕೂದಲೆಳೆಯಷ್ಟು ಗಾಳಿ ಒಳಬಂದರೂ ಪೂರ್ತಿ ಹೊರೆಯಲ್ಲಿ ಪಿಸ್ಟನ್ ಉಳಿಯುವುದಿಲ್ಲ. ಬ್ಯಾಟರಿ ಮಿಷನ್ನು ಸಣ್ಣ ಮಿಲ್ಲಿಗೆ ಸರಿ, ಅಗಲ ಹಲಗೆಗೆ ಚಾರ್ಜ್ ಸಾಲದು. ವೈರಿನ ಎಲೆಕ್ಟ್ರಿಕ್ ಮೋಟಾರು ಮಾತ್ರ ಜನ ಅಂದುಕೊಂಡದ್ದಕ್ಕಿಂತ ಒಳ್ಳೆಯ ಆಯ್ಕೆ. ದಿಮ್ಮಿಯನ್ನು ಒಂದೇ ಜಾಗಕ್ಕೆ ತಂದು ಕೊಯ್ಯುವುದಾದರೆ ಹೊಗೆಯಿಲ್ಲ, ಟ್ಯೂನಿಂಗ್ ಇಲ್ಲ.

ಚೌಕಟ್ಟೋ, ಹಳಿಯೋ, ಬ್ಯಾಂಡ್ ಸಾನೋ

ಅಲಾಸ್ಕನ್ ಮಿಲ್ ಎನ್ನುವುದು ಬಾರ್‌ಗೆ ಕಟ್ಟುವ ಒಂದು ಚೌಕಟ್ಟು, ಅಷ್ಟೇ. ಗ್ರಾನ್‌ಬರ್ಗ್ ಕಂಪನಿಯದ್ದು ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಹೆಗಲ ಮೇಲೆ ಹೊತ್ತು ದಿಮ್ಮಿ ಇದ್ದಲ್ಲಿಗೇ ಹೋಗಬಹುದು, ಎರಡಡಿ ಅಗಲದ ದಪ್ಪ ಸ್ಲ್ಯಾಬ್ ತೆಗೆಯಬಹುದು. ಮೊದಲ ಕೊಯ್ತಕ್ಕೆ ಮಾತ್ರ ದಿಮ್ಮಿಯ ಮೇಲೆ ಏಣಿಯನ್ನೋ ನೇರವಾದ ಹಲಗೆಯನ್ನೋ ಕೂರಿಸಬೇಕು, ಮಿಲ್ ಅದರ ಮೇಲೆ ಜಾರುತ್ತದೆ. ಆ ಹಲಗೆಗೆ ಹೊಡೆದ ಸ್ಕ್ರೂ ಎಷ್ಟು ಆಳ ಇಳಿದಿದೆ ಎಂದು ಅಳೆದು ಕೊಯ್ತದ ಮಟ್ಟವನ್ನು ಅದಕ್ಕಿಂತ ಕೆಳಗಿಡಿ. ಇದು ನಾನು ಪುಸ್ತಕದಿಂದ ಕಲಿತದ್ದಲ್ಲ. 'ಟಣ್' ಎಂಬ ಒಂದೇ ಸದ್ದಿಗೆ ಹೊಸ ಚೈನಿನ ಅರ್ಧ ಹಲ್ಲು ಹೋಗಿತ್ತು. ಆಮೇಲಿನ ಕೊಯ್ತಗಳಿಗೆ ಹಿಂದಿನ ಕೊಯ್ತದ ಮುಖವೇ ದಾರಿ. ಹಾಗಾಗಿ ಮೊದಲನೆಯದು ಸೊಟ್ಟಗಾದರೆ ಕೊನೆಯ ಹಲಗೆಯವರೆಗೂ ಅದೇ ಸೊಟ್ಟು.

ಹಳಿಯ ಮಿಲ್ಲಿನಲ್ಲಿ ದಿಮ್ಮಿ ಸ್ಟ್ಯಾಂಡಿನ ಮೇಲೆ, ಮಿಷನ್ ಹಳಿಯ ಮೇಲೆ. ಸ್ವೀಡನ್ನಿನ ಲೋಗೋಸೋಲ್ ಈ ಬಗೆಗೆ ಹೆಸರಾದದ್ದು. ನಿಂತು ಕೆಲಸ ಮಾಡಬಹುದು, ಹೊಗೆ ಮುಖಕ್ಕೆ ರಾಚುವುದಿಲ್ಲ, ತೊಲೆ-ರೀಪುಗಳ ಅಳತೆ ಕರಾರುವಾಕ್ಕು. ತೊಂದರೆಯೆಂದರೆ ದಿಮ್ಮಿಯನ್ನೇ ಎತ್ತಿ ಸ್ಟ್ಯಾಂಡಿಗೆ ತರಬೇಕು. ನಡು ನೋವಿರುವವರು ಎರಡನ್ನೂ ಒಮ್ಮೆ ಬಾಡಿಗೆಗೆ ತಂದು ನೋಡಿ ತೀರ್ಮಾನಿಸಲಿ.

ಬ್ಯಾಂಡ್ ಸಾ (ತೆಳು ಪಟ್ಟಿಯಂಥ ಗರಗಸ) ಮಿಲ್ಲಿನವರು ಮುಂದಿಡುವ ವಾದ ಒಂದೇ: ಚೈನ್ ಸಾ ಮರವನ್ನು ಹುಡಿ ಮಾಡಿ ಹಾಳುಮಾಡುತ್ತದೆ. ಲೆಕ್ಕ ಹಾಕಿಯೇ ನೋಡೋಣ. ಚೈನ್ ತಿನ್ನುವ ಸಂದು ಸುಮಾರು 8 ಮಿ.ಮೀ., ಬ್ಯಾಂಡ್ ತಿನ್ನುವುದು ಸುಮಾರು 2 ಮಿ.ಮೀ. ಚೌಕ ಮಾಡಿದ 30 ಸೆಂ.ಮೀ. ತೊಲೆಯಿಂದ 25 ಮಿ.ಮೀ. ಹಲಗೆ ತೆಗೆದರೆ ಚೈನಿನಲ್ಲಿ 9, ಬ್ಯಾಂಡಿನಲ್ಲಿ 11. ಎರಡು ಹಲಗೆ ನಷ್ಟ, ಒಪ್ಪಲೇಬೇಕು. ಅದೇ ತೊಲೆಯಿಂದ 50 ಮಿ.ಮೀ. ದಪ್ಪದವನ್ನು ತೆಗೆದರೆ ಎರಡರಲ್ಲೂ ಐದೇ. ದಪ್ಪ ಸ್ಲ್ಯಾಬಿಗೆ ಚೈನ್ ಸಾ, ತೆಳು ಹಲಗೆ ರಾಶಿಗಟ್ಟಲೆ ಬೇಕಿದ್ದರೆ ಬ್ಯಾಂಡ್ ಸಾ, ಇದರಲ್ಲಿ ಜಗಳ ಬೇಕಿಲ್ಲ.

ಚೈನು: ಹಣ ಹೋಗುವುದು ಎಂಜಿನ್ನಿಗೆ, ಕೆಲಸ ನಡೆಯುವುದು ಇದರಲ್ಲಿ

ಅಂಗಡಿಯಿಂದ ಬರುವ ಮಾಮೂಲಿ ಚೈನಿನ ಹಲ್ಲನ್ನು 30 ಡಿಗ್ರಿ ಓರೆಯಲ್ಲಿ ಸಾಣೆ ಹಿಡಿದಿರುತ್ತಾರೆ. ಸೀಳುವ ಚೈನಿನಲ್ಲಿ ಅದು 10 ಡಿಗ್ರಿ. ಓರೆ ಕಡಿಮೆಯಾದಷ್ಟೂ ಹಲ್ಲು ಅಕ್ಕಪಕ್ಕಕ್ಕೆ ಎಳೆಯದೆ ನೇರ ಸಾಗುತ್ತದೆ, ಹಲಗೆಯ ಮುಖ ನಯವಾಗುತ್ತದೆ. ಮಾಮೂಲಿ ಚೈನಿನಲ್ಲಿ ಸೀಳಲಾಗದು ಎಂದೇನಿಲ್ಲ, ಆಮೇಲೆ ರಂದ ಹೊಡೆಯುವವರು ಬೈದುಕೊಳ್ಳುತ್ತಾರೆ. ಹೊಸದು ಕೊಳ್ಳಬೇಕೆಂದೂ ಇಲ್ಲ. ಹಳೆಯ ಚೈನನ್ನೇ ಸಾಣೆ ಹಿಡಿಯುವಾಗಲೆಲ್ಲ ಸ್ವಲ್ಪ ಸ್ವಲ್ಪ ಓರೆ ಕಡಿಮೆ ಮಾಡುತ್ತ ಬಂದರೆ ನಾಲ್ಕೈದು ಸಲಕ್ಕೆ ಅದೇ ಸೀಳುವ ಚೈನಾಗುತ್ತದೆ.

ಪಿಚ್ಚಿನಲ್ಲಿ, ಅಂದರೆ ಚೈನಿನ ಕೊಂಡಿಗಳ ಅಂತರದ ಅಳತೆಯಲ್ಲಿ, ಮೂರು ಬಗೆ ನಿಮಗೆ ಎದುರಾಗುತ್ತವೆ. 3/8 ಇಂಚಿನದ್ದು ಎಲ್ಲ ಕಡೆ ಸಿಗುತ್ತದೆ, 70–90 ಸಿಸಿಗೆ ಹೇಳಿ ಮಾಡಿಸಿದ್ದು. .404 ಇಂಚಿನದ್ದು ದಪ್ಪ, ಬಲಶಾಲಿ, 120 ಸಿಸಿಯ ಜೊತೆಗಾರ. ಹಲ್ಲು ದೊಡ್ಡದಾದ್ದರಿಂದ ಮರವನ್ನೂ ಹೆಚ್ಚು ತಿನ್ನುತ್ತದೆ. ಮೂರನೆಯದು 3/8 ಲೋ ಪ್ರೊಫೈಲ್. ಸಂದು ಕಿರಿದು, ಎಂಜಿನ್ನಿಗೆ ಹೊರೆ ಕಡಿಮೆ, ಹಾಗಾಗಿ ಚಿಕ್ಕ ಮಿಷನ್ನಿಗೆ ಇದು ವರದಾನ. ದೊಡ್ಡ ಎಂಜಿನ್ನಿನ ಎಳೆತಕ್ಕೆ ಇದನ್ನು ಕೊಟ್ಟರೆ ಬೇಗ ಹಿಗ್ಗುತ್ತದೆ, ತುಂಡಾಗಲೂಬಹುದು. ಮೂರು ಅಡಿಗಿಂತ ಉದ್ದದ ಬಾರ್‌ಗೆ ಸ್ಕಿಪ್ ಚೈನ್, ಅಂದರೆ ಹಲ್ಲುಗಳ ನಡುವೆ ಹೆಚ್ಚು ಬಿಡುವಿರುವುದು, ಯೋಚಿಸಿ. ಹುಡಿ ಹೊರಬೀಳಲು ಜಾಗ ಸಿಗುತ್ತದೆ, ಸಾಣೆ ಹಿಡಿಯಬೇಕಾದ ಹಲ್ಲೂ ಕಡಿಮೆ. ಮುಖ ಸ್ವಲ್ಪ ಒರಟು.

ಇನ್ನೊಂದು ಚಿಕ್ಕ ವಿಷಯ, ಯಾರೂ ಹೇಳುವುದಿಲ್ಲ: ಸ್ಪ್ರಾಕೆಟ್, ಅಂದರೆ ಚೈನನ್ನು ಓಡಿಸುವ ಹಲ್ಲಿನ ಚಕ್ರ. ಏಳು ಹಲ್ಲಿನದ್ದನ್ನು ಎಂಟಕ್ಕೆ ಬದಲಿಸಿದರೆ ಅದೇ ಸುತ್ತಿನಲ್ಲಿ ಚೈನಿನ ವೇಗ ಶೇ. 14ರಷ್ಟು ಏರುತ್ತದೆ. ಬಲವಾದ ಮಿಷನ್ನು, ಕಿರಿದಾದ ದಿಮ್ಮಿ ಇದ್ದಾಗ ಲಾಭ. ಅಗಲ ದಿಮ್ಮಿಗೆ ಏಳೇ ಇರಲಿ.

ಸಾಣೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಟ್ಯಾಂಕ್ ಖಾಲಿಯಾದಾಗ ಪೆಟ್ರೋಲ್ ಜೊತೆಗೆ ಅರವೂ ಕೈಗೆ ಬರಬೇಕು. ಮೊಂಡಾಗುವ ಮೊದಲೇ ಎರಡು ಎಳೆತ ಎಳೆದರೆ ಮುಗಿಯಿತು, ಮೊಂಡಾದ ಮೇಲೆ ಹತ್ತು ಎಳೆದರೂ ಸಾಲದು. 3/8ಕ್ಕೆ 5.2 ಅಥವಾ 5.5 ಮಿ.ಮೀ. ಅರ (ಚೈನ್ ಕಂಪನಿ ಹೇಳಿದಂತೆ), .404ಕ್ಕೆ 5.5, ಲೋ ಪ್ರೊಫೈಲಿಗೆ 4. ಹುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಒರಟು ರವೆಯಂತೆ ಸಿಕ್ಕಿದರೆ ಚೈನ್ ಕೊಯ್ಯುತ್ತಿದೆ. ಮೈದಾದಂತೆ ಬೆರಳಿಗೆ ಮೆತ್ತಿದರೆ ಅದು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಚೈನಿನ ಬಿಸಿ, ಬಾರ್‌ನ ಸವೆತ, ನಿಮ್ಮ ತೋಳಿನ ನೋವು ಎಲ್ಲವೂ ಅಲ್ಲಿಂದಲೇ ಶುರು.

ಅರವೋ, ಸಾಣೆ ಮಿಷನ್ನೋ? ಮಿಷನ್ನು ಎಲ್ಲ ಹಲ್ಲನ್ನೂ ಒಂದೇ ಉದ್ದಕ್ಕೆ ತರುತ್ತದೆ. ಅವಸರಪಟ್ಟರೆ ಹಲ್ಲನ್ನು ಸುಟ್ಟೂ ಬಿಡುತ್ತದೆ: ಅಂಚು ನೀಲಿಗಟ್ಟಿತೆಂದರೆ ಅಲ್ಲಿ ಉಕ್ಕು ಗಡುಸಾಗಿ, ಮುಂದಿನ ಸಲ ಅರ ಕಚ್ಚದೆ ಜಾರುತ್ತದೆ. ದಿನದ ಕೆಲಸಕ್ಕೆ ಅರ, ಹಲ್ಲುಗಳು ಏರುಪೇರಾದಾಗ ಮಿಷನ್ನು. ಮೂರು-ನಾಲ್ಕು ಸಾಣೆಗೊಮ್ಮೆ ಹಲ್ಲಿನ ಮುಂದಿರುವ ರೇಕರನ್ನು (ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತಡೆಯುವ ಉಬ್ಬು) ಗೇಜಿಟ್ಟು ತಗ್ಗಿಸಿ. 3/8ಕ್ಕೆ 0.65 ಮಿ.ಮೀ. ತಗ್ಗು ಸಾಮಾನ್ಯ. ಹೆಚ್ಚು ತಗ್ಗಿಸಿದರೆ ಚೈನು ಮರವನ್ನು ಕಚ್ಚಿ ಕಚ್ಚಿ ಎಳೆಯುತ್ತದೆ, ಹಲಗೆಯ ಮೇಲೆ ಅಲೆ ಏಳುತ್ತದೆ.

ಎಡ ಸಾಲಿನ ಹಲ್ಲು ಚೂಪು, ಬಲ ಸಾಲಿನದು ಮೊಂಡು ಎಂದಿಟ್ಟುಕೊಳ್ಳಿ. ಬಾರ್‌ನ ಎರಡೂ ತುದಿಯನ್ನು ಚೌಕಟ್ಟು ಹಿಡಿದಿರುವುದರಿಂದ ಅದು ಓಡಿಹೋಗಲಾರದು, ನಡುವೆ ಬಾಗುತ್ತದೆ. ಹಲಗೆ ತೆಗೆದು ಮೇಲೆ ನೇರ ಪಟ್ಟಿ ಇಟ್ಟರೆ ನಡುವೆ ತಟ್ಟೆಯಂತೆ ಹಳ್ಳ. ಮಿಲ್ ಸರಿಯಿಲ್ಲ ಎಂದು ಬೋಲ್ಟ್ ಬಿಗಿಯುತ್ತ ಕೂರುವವರನ್ನು ನೋಡಿದ್ದೇನೆ, ತಪ್ಪು ಅರದ್ದು. ಬಾರ್‌ನ ಅಂಚುಗಳ ಎತ್ತರ ಹೆಚ್ಚು ಕಡಿಮೆ ಆಗಿದ್ದರೂ ಇದೇ ಕಥೆ. ಚೈನ್ ತೆಗೆದು ಬಾರ್ ಅನ್ನು ಗಾಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿದರೆ ಗೊತ್ತಾಗುತ್ತದೆ. ಒಂದು ಕಡೆ ವಾಲಿದರೆ ಚಪ್ಪಟೆ ಅರದಿಂದ ಸಮಮಾಡಿ. ಚೈನ್ ಬದಲಿಸಿದಾಗಲೆಲ್ಲ ಬಾರ್ ಅನ್ನು ತಲೆಕೆಳಗು ಮಾಡಿ ಹಾಕಿ.

ಎರಡು ಎಣ್ಣೆಗಳ ಮಾತು

ಪೆಟ್ರೋಲಿಗೆ ಬೆರೆಸುವ ಎಣ್ಣೆ 50:1 ಎಂದರೆ ಲೀಟರಿಗೆ 20 ಮಿ.ಲೀ., 40:1 ಎಂದರೆ 25. ಸೀಳುವುದಕ್ಕೆ 40:1 ಹಾಕುವವರು ಬಹಳ, ನಾನೂ ಒಬ್ಬ. ಆದರೆ ಎಣ್ಣೆ ಹೆಚ್ಚಿದಷ್ಟೂ ಅದೇ ತೂತಿನಲ್ಲಿ ಹೋಗುವ ಪೆಟ್ರೋಲ್ ಒಂದಿಷ್ಟು ಕಡಿಮೆಯಾಗುತ್ತದೆ. ಬೆರಕೆ ಬದಲಿಸಿದ ಮೇಲೆ ಕಾರ್ಬುರೇಟರನ್ನೂ ಮತ್ತೆ ನೋಡಬೇಕು ಎನ್ನುವುದು ಇದಕ್ಕೇ. ಎಥನಾಲ್ ಇರುವ ಪೆಟ್ರೋಲ್ ತೇವ ಹೀರುತ್ತದೆ. ಬೆರೆಸಿದ್ದನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ.

ಟ್ಯೂನ್ ಮಾಡುವುದು ಎಂಜಿನ್ ಬಿಸಿಯಾಗಿರುವಾಗ, ಫಿಲ್ಟರ್ ಸ್ವಚ್ಛವಿರುವಾಗ. ಎಚ್ ಸ್ಕ್ರೂವನ್ನು (ಪೂರ್ತಿ ವೇಗದಲ್ಲಿನ ಹದ ನೋಡುವ ಸ್ಕ್ರೂ) ಗಡಿಯಾರಕ್ಕೆ ಎದುರು ತಿರುಗಿಸಿದರೆ ಪೆಟ್ರೋಲ್ ಹೆಚ್ಚು. ಕಂಪನಿ ಹೇಳಿದ ಗರಿಷ್ಠಕ್ಕಿಂತ ಕೆಲವು ನೂರು ಸುತ್ತು ಕಡಿಮೆ ಇಟ್ಟುಕೊಳ್ಳಿ. ಹೊರೆಯಿಲ್ಲದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಗಂಟಲು ಕಟ್ಟಿದವರಂತೆ ಬುರಬುರ ಎನ್ನಬೇಕು, ಮರಕ್ಕೆ ತಾಗಿಸಿದ ಕೂಡಲೇ ಗಂಟಲು ಬಿಟ್ಟು ಒಂದೇ ಸ್ವರ ಹಿಡಿಯಬೇಕು. ಮರದೊಳಗೂ ಬುರಬುರ ಎಂದರೆ ಪೆಟ್ರೋಲ್ ಹೆಚ್ಚಾಯಿತು. ಗಾಳಿಯಲ್ಲಿ ಹಿಡಿದಾಗಲೇ ಕೀರಲು ಸದ್ದು ಬಂದರೆ ತಕ್ಷಣ ನಿಲ್ಲಿಸಿ. ನನ್ನ 70 ಸಿಸಿ ಕೊನೆಗೆ ಹಾಡಿದ್ದು ಅದೇ ರಾಗ. ಐಡಲಿನಲ್ಲಿ ಸುತ್ತು ತಾನಾಗಿ ಏರಿಳಿಯುತ್ತಿದ್ದರೆ ಸ್ಕ್ರೂ ಮುಟ್ಟುವ ಮೊದಲು ಎಲ್ಲೋ ಗಾಳಿ ಒಳಬರುತ್ತಿದೆ ಎಂದು ಅನುಮಾನಿಸಿ.

ಚೈನಿಗೆ ಬಾರ್ ಆಯಿಲ್ಲೇ ಹಾಕಿ. ಗಾಡಿಯಿಂದ ಇಳಿಸಿದ ಕಪ್ಪು ಎಣ್ಣೆ ಪುಕ್ಕಟೆ ಸಿಗುತ್ತದೆ ನಿಜ. ಅದರಲ್ಲಿರುವ ಲೋಹದ ಕಣಗಳು ಪಂಪನ್ನು ತಿನ್ನುತ್ತವೆ, ಮಿಕ್ಕದ್ದು ಗಾಳಿಗೆ ಹಾರಿ ನಿಮ್ಮ ಮೈಮೇಲೆ, ನೀವು ಊಟದ ಮೇಜು ಮಾಡಲಿರುವ ಹಲಗೆಯ ಮೇಲೆ. ಅಡುಗೆ ಎಣ್ಣೆ ನಡೆಯುತ್ತದೆ, ಆದರೆ ಮಿಷನ್ನನ್ನು ವಾರಗಟ್ಟಲೆ ಸುಮ್ಮನೆ ಇಟ್ಟರೆ ಅಂಟಿನಂತೆ ಗಟ್ಟಿಯಾಗುತ್ತದೆ. 36 ಇಂಚು ಮೀರಿದ ಬಾರ್‌ಗೆ ಮಿಷನ್ನಿನ ಪಂಪು ಒಂದೇ ಸಾಲದು. ಚೌಕಟ್ಟಿಗೆ ಒಂದು ಡಬ್ಬಿ ಕಟ್ಟಿ, ಸಣ್ಣ ನಲ್ಲಿಯಿಂದ ಬಾರ್‌ನ ಮೂತಿಯ ಕಡೆಗೆ ಹನಿ ಹನಿ ಬೀಳುವಂತೆ ಮಾಡಿಕೊಳ್ಳಿ.

ಕೆಲಸದ ಹೊತ್ತಿನಲ್ಲಿ

ದಿಮ್ಮಿಯನ್ನು ಮೊಣಕಾಲೆತ್ತರಕ್ಕೆ ಏರಿಸಿ, ಕೊಯ್ತ ಶುರುವಾಗುವ ತುದಿ ಸ್ವಲ್ಪ ಮೇಲಿರಲಿ. ಮಿಷನ್ನಿನ ತೂಕವೇ ಅದನ್ನು ಮುಂದೆ ನೂಕುತ್ತದೆ, ನೀವು ಒತ್ತಬೇಕಿಲ್ಲ. ಕೊಯ್ದ ಸಂದಿಗೆ ಅರ್ಧ ಮೀಟರಿಗೊಂದರಂತೆ ಬೆಣೆ ಹಾಕುತ್ತ ಹೋಗಿ, ಇಲ್ಲವಾದರೆ ಮೇಲಿನ ಸ್ಲ್ಯಾಬ್ ಕೂತು ಬಾರ್ ಅನ್ನು ಹಿಡಿದುಬಿಡುತ್ತದೆ. ಕೊಯ್ತ ಮುಗಿದೊಡನೆ ಆಫ್ ಮಾಡಬೇಡಿ, ಒಂದು ನಿಮಿಷ ಐಡಲಿನಲ್ಲಿ ಬಿಡಿ. ಫ್ಯಾನ್ ತಿರುಗುತ್ತಿದ್ದರೆ ಸಿಲಿಂಡರಿನ ಕಾವು ಇಳಿಯುತ್ತದೆ. ಪ್ರತಿ ಟ್ಯಾಂಕಿಗೂ ಫಿಲ್ಟರ್ ಕೊಡವಿ, ಬಿಡಿ ಫಿಲ್ಟರ್ ಒಂದು ಜೇಬಿನಲ್ಲಿರಲಿ. ದಿನದ ಕೊನೆಗೆ ಕ್ಲಚ್ ಕವರ್ ಬಿಚ್ಚಿ ಗಟ್ಟಿಯಾದ ಹುಡಿ ಕೆರೆಯಿರಿ, ಸ್ಟಾರ್ಟರ್ ಕವರ್ ತೆಗೆದು ಸಿಲಿಂಡರ್ ರೆಕ್ಕೆಗಳ ನಡುವೆ ಬ್ರಷ್ ಆಡಿಸಿ, ಕ್ಲಚ್ ಡ್ರಮ್ಮಿನ ಬೇರಿಂಗಿಗೆ ಒಂದಿಷ್ಟು ಗ್ರೀಸ್ ಹಚ್ಚಿ.

ಮರದ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಆಗುವುದಿಲ್ಲ, ಸರಿಯಾದ ಮಾಸ್ಕ್ ಹಾಕಿ. ಬಗ್ಗಿ ಕೊಯ್ಯುವಾಗ ಹೊಗೆಯೂ ಮುಖಕ್ಕೇ ಬರುವುದರಿಂದ ಗಾಳಿ ಬೀಸುವ ದಿಕ್ಕು ನೋಡಿ ದಿಮ್ಮಿ ತಿರುಗಿಸಿಕೊಳ್ಳಿ, ತಲೆ ಭಾರವೆನಿಸಿದರೆ ಅಲ್ಲಿಗೆ ನಿಲ್ಲಿಸಿ. ಕಿವಿಗೆ ಮಫ್, ಕಾಲಿಗೆ ಚೈನ್ ತಡೆಯುವ ಪ್ಯಾಂಟ್ ಬೇಕೇ ಬೇಕು. ನಡುಕದ ವಿಷಯದಲ್ಲಿ ಯುರೋಪಿನ 2002ರ ನಿಯಮ ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಕೈಗೆ ತಾಗುವ ಮಿತಿಯನ್ನು 5 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂದಿಟ್ಟಿದೆ, ಅದರ ಅರ್ಧಕ್ಕೇ ಎಚ್ಚರಿಕೆಯ ಗಂಟೆ. ಮಿಷನ್ ಕೈಪಿಡಿಯಲ್ಲಿ ಅದರ ಅಂಕಿ ಇರುತ್ತದೆ, ಕೊಳ್ಳುವ ಮೊದಲು ಹೋಲಿಸಿ ನೋಡಿ. ಬೆರಳ ತುದಿ ಬಿಳುಚಿಕೊಳ್ಳುವವರೆಗೆ ದುಡಿಯುವ ಕೆಲಸವಲ್ಲ ಇದು.

ಹಳೆಯದನ್ನು ಕೊಳ್ಳುವುದಾದರೆ

ದೊಡ್ಡ ಮಿಷನ್ನುಗಳನ್ನು ಬಹಳ ಮಂದಿ ಸೆಕೆಂಡ್ ಹ್ಯಾಂಡಿನಲ್ಲೇ ಕೊಳ್ಳುತ್ತಾರೆ, ತಪ್ಪೇನಿಲ್ಲ. ತಣ್ಣಗಿರುವ ಮಿಷನ್ನನ್ನೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿ ಇಟ್ಟಿದ್ದರೆ ಚಹಾ ಕುಡಿದು ಬನ್ನಿ. ಡಿಕಂಪ್ರೆಷನ್ ಒತ್ತದೆ ಮಿಷನ್ನನ್ನು ಸ್ಟಾರ್ಟರ್ ಹಿಡಿಯಿಂದ ತೂಗಿಬಿಟ್ಟರೆ ಕಂಪ್ರೆಷನ್ ಚೆನ್ನಾಗಿದ್ದಾಗ ಅದು ತಡೆ ತಡೆದು ಇಳಿಯುತ್ತದೆ, ಸವೆದಿದ್ದರೆ ಒಂದೇ ಸಮ ಜಾರುತ್ತದೆ. ಆಮೇಲೆ ಸೈಲೆನ್ಸರಿನ ಸ್ಕ್ರೂಗಳನ್ನು ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ಮೈ ನಯವಾಗಿ, ತಯಾರಿಸುವಾಗ ಲೇತ್‌ನಲ್ಲಿ ಬಿದ್ದ ಸಣ್ಣ ಗೀರುಗಳು ಅಡ್ಡಡ್ಡ ಕಂಡರೆ ಮಾತುಕತೆ ಮುಂದುವರಿಸಬಹುದು. ಗೆರೆಗಳು ಮೇಲಿಂದ ಕೆಳಕ್ಕಿದ್ದರೆ ಸ್ಕ್ರೂಗಳನ್ನು ಅವರ ಕೈಗೇ ಕೊಟ್ಟು ಬನ್ನಿ.